ಕೈಗೆಟಕುವ ಬೆಲೆಯಲ್ಲಿ ಹಳೆಯ ದನಿಯ ಬೇಸ್ ಗಿಟಾರ್: ಯಾವುದನ್ನು ಆರಿಸಬೇಕು?

ಹೋದ ವರ್ಷ ಮೇ ತಿಂಗಳಲ್ಲಿ ಧಾರವಾಡದಿಂದ ಅಕ್ಕನ ಮಗಳು ಮೂರು ಫೋಟೊ ಕಳುಹಿಸಿ, ‘ಮಾಮಾ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?’ ಎಂದು ಕೇಳಿದಳು. ಮೊದಲನೆಯದು ಪ್ರಿಸಿಷನ್ ಮಾದರಿ. ಅಂಚಿನಲ್ಲಿ ಕಪ್ಪು, ನಡುವೆ ಜೇನಿನ ಬಣ್ಣ, ಮೇಲೆ ಆಮೆಚಿಪ್ಪಿನಂಥ ಕೆಂಪು ಹಲಗೆ. ಎರಡನೆಯದು ತಿಳಿನೀಲಿಯ ಜಾಝ್ ಮಾದರಿ. ಮೂರನೆಯದು ಪಿಟೀಲಿನ ಆಕಾರದ್ದು. ಮೂರೂ ಹಳೆಯ ಕಾಲದ ಚೆಲುವಿನವು, ಮೂರೂ ಅವಳು ಟ್ಯೂಷನ್ ಹೇಳಿ ಕೂಡಿಟ್ಟ ಹಣಕ್ಕೆ ಸ್ವಲ್ಪ ಹೆಚ್ಚುಕಡಿಮೆ ಹೊಂದುವಂಥವು. ಆದರೆ ಕೈಗೆತ್ತಿಕೊಂಡು ನುಡಿಸಿದರೆ ಮೂರೂ ಬೇರೆ ಬೇರೆ ವಾದ್ಯಗಳು.

ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ಬೇಸ್ ನುಡಿಸುತ್ತಿದ್ದೇನೆ. ಭಾನುವಾರ ಕೇಶ್ವಾಪುರದ ಚರ್ಚಿನಲ್ಲಿ, ಗಣೇಶ ಚೌತಿಯ ಹೊತ್ತಿಗೆ ಆರ್ಕೆಸ್ಟ್ರಾಗಳಲ್ಲಿ, ಉಳಿದಂತೆ ಮದುವೆಯ ಆರತಕ್ಷತೆಗಳಲ್ಲಿ. ಅವಳಿಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಲು ಮನಸ್ಸು ಬರಲಿಲ್ಲ. ಈ ಅವಳಿ ನಗರದಲ್ಲಿ ಬೇಸ್ ಕೊಳ್ಳಲು ಹೊರಡುವ ಹುಡುಗ ಹುಡುಗಿಯರು ಬಣ್ಣ ನೋಡಿ ಹಣ ಕೊಡುವುದನ್ನೂ, ಆರು ತಿಂಗಳಲ್ಲಿ ಅದನ್ನೇ ಅರ್ಧ ಬೆಲೆಗೆ ಮಾರುವುದನ್ನೂ ತೀರಾ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಅವಳಿಗೆ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ದನಿ ಹುಟ್ಟುವುದು ತಂತಿಯಿಂದ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಕೂತ ಜಾಗದಿಂದ ಮತ್ತು ಬೆರಳಿನಿಂದ. ಬಣ್ಣ, ಸವೆದಂತೆ ಕಾಣುವ ಪಾಲಿಶ್, ಹಳದಿಗಟ್ಟಿದ ನೆಕ್ (ಬೆರಳಾಡಿಸುವ ಕತ್ತು) ಇವೆಲ್ಲ ಕಣ್ಣಿಗೆ ಸಂತೋಷ ಕೊಡುತ್ತವೆ, ಕಿವಿಗೆ ಏನನ್ನೂ ಕೊಡುವುದಿಲ್ಲ. ಆದ್ದರಿಂದ ಇರುವ ಹಣದಲ್ಲಿ ನಾಲ್ಕನೇ ಒಂದು ಪಾಲನ್ನು ಬದಿಗಿಟ್ಟು, ಉಳಿದದ್ದರಲ್ಲಿ ಬೇಸ್ ಹುಡುಕಿ. ಬದಿಗಿಟ್ಟ ಪಾಲು ಒಳ್ಳೆಯ ತಂತಿಗೆ ಮತ್ತು ಸೆಟಪ್ ಮಾಡಿಸುವುದಕ್ಕೆ, ಅಂದರೆ ವಾದ್ಯವನ್ನು ನುಡಿಸಲು ಹದಗೊಳಿಸುವುದಕ್ಕೆ.

ಹಳೆಯದು ಎಂದರೆ ಯಾವ ಹಳೆಯದು

ಅಂಗಡಿಯವರು ‘ವಿಂಟೇಜ್’ ಎಂದಾಗ ಯಾವ ದಶಕದ್ದು ಎಂದು ಕೇಳಿ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಹೊರತಂದಾಗ, ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವರ ಬೆನ್ನು ಹಗುರಾಯಿತು. ಡಬಲ್ ಬೇಸಿಗೆ ಫ್ರೆಟ್, ಅಂದರೆ ನೆಕ್ಕಿನ ಮೇಲೆ ಸ್ವರದ ಜಾಗ ತೋರುವ ಲೋಹದ ಅಡ್ಡಪಟ್ಟಿ, ಇರಲಿಲ್ಲ. ಇದಕ್ಕೆ ಫ್ರೆಟ್ ಇದ್ದುದರಿಂದ ಸ್ವರ ನಿಖರವಾಗಿ ಬೀಳುತ್ತಿತ್ತು, ಹೆಸರು ಬಂದದ್ದು ಅದರಿಂದಲೇ. ತಂತಿಯ ಉದ್ದ 34 ಇಂಚು ಎಂದು ಆಗ ನಿಗದಿಯಾದದ್ದು ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡಾಗಿ ಸೀಳಿ, ಒಂದೊಂದು ತುಂಡನ್ನು ಎರಡೆರಡು ತಂತಿಗಳ ಕೆಳಗೆ ಹಿಂದೆಮುಂದೆ ಕೂರಿಸಿದರು. ನಾವು ಇಂದು ಪಿ ಬೇಸ್ ಎಂದು ಕರೆಯುವ ರೂಪ ಅದು. 1960ರಲ್ಲಿ ಜಾಝ್ ಬೇಸ್, ಅಂದರೆ ಜೆ, ಬಂತು. ಇತ್ತ ಜರ್ಮನಿಯಲ್ಲಿ ಹಾಫ್ನರ್ ಕಂಪನಿ 1956ರ ಸುಮಾರಿಗೇ ಪಿಟೀಲಿನ ಆಕಾರದ ಟೊಳ್ಳು ಬೇಸನ್ನು ಮಾಡಿತ್ತು.

ಈಗ ಕಡಿಮೆ ಬೆಲೆಯ ಮಾದರಿಗಳ ಹೆಸರಿನಲ್ಲಿ ಬರುವ 50, 60, 70 ಎಂಬ ಅಂಕೆಗಳು ಆ ದಶಕಗಳನ್ನೇ ಸೂಚಿಸುತ್ತವೆ. 50ರ ಪಿ ಎಂದರೆ ಮೇಪಲ್ ಮರದ ಬೆಳ್ಳನೆಯ ನೆಕ್, ಚಿನ್ನದ ಬಣ್ಣದ ಹಲಗೆ. 60ರದ್ದು ಎಂದರೆ ನೆಕ್ಕಿನ ಮೇಲೆ ಬೆರಳೊತ್ತುವ ಕಡು ಬಣ್ಣದ ಫಿಂಗರ್‌ಬೋರ್ಡ್, ಆಮೆಚಿಪ್ಪಿನ ಬಣ್ಣ. 70ರ ಜಾಝ್ ಎಂದರೆ ಫ್ರೆಟ್‌ಗಳ ನಡುವೆ ಚೌಕಾಕಾರದ ದೊಡ್ಡ ಗುರುತುಗಳು. ಜೊತೆಗೆ ತಂತಿಗಳ ಕೆಳತುದಿಯನ್ನು ಹೊರುವ ಬ್ರಿಜ್ ಕಡೆಯ ಪಿಕಪ್ ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ, ದನಿ ಚುರುಕಾಗುತ್ತದೆ. ಇವುಗಳಲ್ಲಿ ಕಿವಿಗೆ ನಿಜವಾಗಿ ತಿಳಿಯುವ ವ್ಯತ್ಯಾಸ ಈ ಕೊನೆಯದೊಂದೇ.

ಮರದ ವಿಚಾರದಲ್ಲಿ ನಮ್ಮ ಕಡೆಯವರಿಗೆ ಸಂತೋಷವಾಗುವ ಒಂದು ಸಂಗತಿ ಇದೆ. ಹಿಂದೆ ಫಿಂಗರ್‌ಬೋರ್ಡಿಗೆ ಬೀಟೆಯ ಜಾತಿಯ ಮರಗಳನ್ನು ಬಳಸುತ್ತಿದ್ದರು. 2017ರಲ್ಲಿ ಆ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಿಗಿಯಾದಾಗ ಕಂಪನಿಗಳು ಬೇರೆ ಮರ ಹುಡುಕಿದವು. ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ಸಿಕ್ಕರೂ ಬದಲಿ ಮರಗಳು ಉಳಿದುಕೊಂಡವು. ಇಂದು ಅಗ್ಗದ ಬೇಸ್‌ಗಳ ವಿವರದಲ್ಲಿ ‘ಇಂಡಿಯನ್ ಲಾರೆಲ್’ ಎಂದು ಬರೆದಿರುತ್ತದಲ್ಲ, ಅದು ದಾಂಡೇಲಿ, ಕಲಘಟಗಿ ಕಡೆಯ ಕಾಡಿನ ನಮ್ಮ ಮತ್ತಿ ಮರದ ಜಾತಿ. ತೊಲೆಗೆ, ಬಾಗಿಲಿಗೆ ಬಳಸುವ ಗಟ್ಟಿ ಮರ ಅದು. ಬೀಟೆಯಲ್ಲವಲ್ಲ ಎಂದು ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ.

ಪಿ ಮತ್ತು ಜೆ: ಮುಖ್ಯ ಆಯ್ಕೆ ಇಲ್ಲಿದೆ

ಪ್ರಿಸಿಷನ್‌ಗೆ ಒಂದು ಪಿಕಪ್, ಒಂದು ವಾಲ್ಯೂಮ್ ನಾಬ್, ಒಂದು ಟೋನ್ ನಾಬ್. ಅಷ್ಟೇ. ಜಾಝ್‌ಗೆ ಎರಡು ಪಿಕಪ್, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಮೂರನೆಯದು ಟೋನ್. ಪಿಯ ದನಿ ದುಂಡಗೆ, ತುಂಬಿಕೊಂಡು ಬರುತ್ತದೆ. ತಬಲಾದ ಬಾಯಾದ ಪಕ್ಕದಲ್ಲೋ, ಡ್ರಮ್ಮಿನ ಕಿಕ್ ಜೊತೆಯಲ್ಲೋ ನಿಂತರೆ ಅದು ತನ್ನ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಮಿಕ್ಸರ್ ಮುಂದೆ ಕೂತವರಿಗೆ ಕೆಲಸವೇ ಉಳಿಯುವುದಿಲ್ಲ. ಜಾಝ್‌ನಲ್ಲಿ ಹಿಂದಿನ ಪಿಕಪ್ಪನ್ನು ಹೆಚ್ಚಿಸಿದರೆ ದನಿ ಮೂಗಿನಲ್ಲಿ ಹಾಡಿದಂತೆ ಸ್ಪಷ್ಟವಾಗುತ್ತದೆ, ಮುಂದಿನದನ್ನು ಹೆಚ್ಚಿಸಿದರೆ ಪಿಯ ಹತ್ತಿರ ಬರುತ್ತದೆ, ಎರಡನ್ನೂ ಪೂರ್ತಿ ತೆರೆದರೆ ನಡುವಿನ ಒಂದು ಪದರ ಕಳೆದುಹೋಗಿ ಮೇಲೂ ಕೆಳಗೂ ಹೊಳೆಯುತ್ತದೆ. ಒಂಟಿಯಾಗಿ ಕೂತು ನುಡಿಸುವಾಗ ಈ ಹೊಳಪು ಬಲು ಇಂಪು. ಹತ್ತು ಜನರ ಆರ್ಕೆಸ್ಟ್ರಾದಲ್ಲಿ ಅದೇ ಹೊಳಪು ಕೀಬೋರ್ಡಿನ ಕೆಳಗೆ ಮುಳುಗಿಹೋಗುತ್ತದೆ.

ಇನ್ನು ಗುಂಯ್‌ಗುಡುವ ಸದ್ದಿನ ವಿಚಾರ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಅಂಗಡಿಯಲ್ಲಿ ಅದು ಅಷ್ಟಾಗಿ ಕೇಳುವುದಿಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಹೋಗಿ ಮುಂದೆ ಬರುತ್ತದೆ. ಒಂಟಿ ಸುರುಳಿಯ ಪಿಕಪ್ ತಂತಿಯ ಕಂಪನವನ್ನು ಹಿಡಿಯುವಂತೆಯೇ ಆ 50 ಹರ್ಟ್ಸ್ ಗುಂಯ್‌ಕಾರವನ್ನೂ ಅದರ ಮೇಲಿನ ಸ್ವರಗಳನ್ನೂ ಹಿಡಿಯುತ್ತದೆ. ಬೇಸಿನ ಅತಿ ಕೆಳಗಿನ ಇ ತಂತಿ 41 ಹರ್ಟ್ಸ್, ಅದರ ಮೂರನೇ ಫ್ರೆಟ್ 49 ಹರ್ಟ್ಸ್. ಅಂದರೆ ಈ ಗುಂಯ್‌ಕಾರ ಸರಿಯಾಗಿ ನಮ್ಮ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಪಿ ಬೇಸಿನ ಸೀಳಿದ ಪಿಕಪ್ಪಿನಲ್ಲಿ ಎರಡು ತುಂಡುಗಳ ಸುರುಳಿಗಳೂ ಅಯಸ್ಕಾಂತಗಳೂ ಒಂದಕ್ಕೊಂದು ಎದುರು. ತಂತಿಯ ಸದ್ದು ಉಳಿಯುತ್ತದೆ, ಹೊರಗಿನ ಗುಂಯ್‌ಕಾರ ಪರಸ್ಪರ ಕಳೆದುಹೋಗುತ್ತದೆ. ಜಾಝ್‌ನಲ್ಲಿಯೂ ಎರಡು ಪಿಕಪ್ಪುಗಳನ್ನು ಸಮವಾಗಿ ತೆರೆದಾಗ ಹೀಗೆಯೇ ಆಗುತ್ತದೆ. ಆದರೆ ಒಂದನ್ನು ಇಳಿಸಿದ ಕೂಡಲೇ ಅದು ಮರಳಿ ಬರುತ್ತದೆ.

ಒಂದು ವರ್ಷ ದುರ್ಗದಬೈಲಿನ ಕಡೆಯ ಒಂದು ಗಣಪತಿ ಪೆಂಡಾಲಿನಲ್ಲಿ ನಾನು ಜಾಝ್ ಬೇಸ್ ತೆಗೆದುಕೊಂಡು ಹೋಗಿದ್ದೆ. ನನ್ನ ತಲೆಯ ಮೇಲೆಯೇ ಸೀರಿಯಲ್ ದೀಪಗಳ ಸಾಲು, ಪಕ್ಕದಲ್ಲಿ ಡಿಮ್ಮರ್ ಪೆಟ್ಟಿಗೆ, ಒಂದೇ ಬೋರ್ಡಿನಿಂದ ಎಲ್ಲಕ್ಕೂ ಕರೆಂಟು. ಗಾಯಕರು ಆಲಾಪ ಎತ್ತಿಕೊಂಡು ಎಲ್ಲರೂ ಸುಮ್ಮನಾದಾಗ ನನ್ನ ಸ್ಪೀಕರಿನಿಂದ ಹೊರಟ ಗುಂಯ್‌ಕಾರ ಮುಂದಿನ ಸಾಲಿನ ಮಕ್ಕಳಿಗೂ ಕೇಳಿಸಿತು. ಅವತ್ತಿನಿಂದ ಪೆಂಡಾಲಿಗೆ ಪಿ ಬೇಸ್ ಮಾತ್ರ ಒಯ್ಯುತ್ತೇನೆ. ಇದರ ಜೊತೆಗೇ ಒಂದು ಎಚ್ಚರಿಕೆ: ತಂತಿಯನ್ನು ಮುಟ್ಟಿದಾಗ ಸದ್ದು ನಿಂತು, ಬಿಟ್ಟಾಗ ಹೆಚ್ಚಾದರೆ ಅದು ಪಿಕಪ್ಪಿನ ದೋಷವೆಂದುಕೊಂಡು ಸುಮ್ಮನಾಗಬೇಡಿ, ಅರ್ಥಿಂಗ್ ನೋಡಿ. ಅರ್ಥಿಂಗ್ ಸರಿಯಿಲ್ಲದ ಕಡೆ ಒಂದು ಕೈಯಲ್ಲಿ ತಂತಿ ಹಿಡಿದು ತುಟಿಯನ್ನು ಮೈಕಿಗೆ ತಾಗಿಸಿದರೆ ಶಾಕ್ ಹೊಡೆಯುತ್ತದೆ. ಹತ್ತು ರೂಪಾಯಿಯ ಕೆಲಸವೆಂದು ಅಲಕ್ಷ್ಯ ಮಾಡದೆ ಟೆಸ್ಟರ್ ಹಚ್ಚಿ ನೋಡಿಯೇ ವೇದಿಕೆ ಹತ್ತಿ.

ಜಾಝ್ ಗೆಲ್ಲುವುದು ನೆಕ್ಕಿನಲ್ಲಿ. ಅದರ ನಟ್, ಅಂದರೆ ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ, 38 ಮಿಲಿಮೀಟರ್ ಅಗಲ. ಪಿಯದು ಸಾಮಾನ್ಯವಾಗಿ 41ರಿಂದ 42, ಹಳೆಯ 50ರ ದಶಕದ ಅಳತೆಯಲ್ಲಿ 44ರವರೆಗೂ ಹೋಗುತ್ತಿತ್ತು. ನಾಲ್ಕು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಒಂದು ಗಂಟೆ ಮೊದಲ ಮೂರು ಫ್ರೆಟ್‌ಗಳಲ್ಲಿ ನುಡಿಸಿದ ಮೇಲೆ ಹೆಬ್ಬೆರಳಿನ ಬುಡ ಉತ್ತರ ಹೇಳುತ್ತದೆ. ಬೆರಳು ಗಿಡ್ಡವಿರುವವರು ಪಿ ಬೇಸನ್ನು ಕೈಯಲ್ಲಿ ಹಿಡಿಯದೆ ಕೊಳ್ಳಬಾರದು.

ಪಿಯ ಪಿಕಪ್ಪಿನ ಜೊತೆಗೆ ಹಿಂದೆ ಜೆಯ ಪಿಕಪ್ಪನ್ನೂ ಇಟ್ಟ ಪಿಜೆ ಎಂಬ ಬೆರಕೆಯೂ ಇದೆ. ಎರಡೂ ಸಿಕ್ಕವಲ್ಲ ಎಂಬ ಸಮಾಧಾನಕ್ಕೆ ಅನೇಕರು ಅದನ್ನು ಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಹಿಂದಿನ ಪಿಕಪ್ಪನ್ನು ಮುಟ್ಟುವುದೇ ಇಲ್ಲ. ಬೆಲೆ ಒಂದೇ ಆದರೆ ಕೊಳ್ಳಿ, ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ.

ಗಿಡ್ಡ ಅಳತೆಯವು

30 ಇಂಚಿನ ಬೇಸ್‌ಗಳನ್ನು ಮಕ್ಕಳ ಆಟಿಕೆ ಎಂದು ತಿಳಿಯುವ ತಪ್ಪನ್ನು ನಾನೂ ಬಹುಕಾಲ ಮಾಡಿದ್ದೆ. ಫೆಂಡರ್ 1966ರಲ್ಲಿ ತಂದ ಮಸ್ಟಾಂಗ್ ಬೇಸ್ ಈ ಅಳತೆಯದು. ತಂತಿ ಗಿಡ್ಡವಾದುದರಿಂದ ಎಳೆತ ಕಡಿಮೆ, ಬೆರಳಿಗೆ ಮೆತ್ತಗೆ, ದನಿಯಲ್ಲಿ ಒಂದು ಗುಮ್ಮೆನ್ನುವ ಮೃದುತ್ವ. ಫೆಂಡರ್ ಬಳಗದ ಸ್ಕ್ವಯರ್‌ನ ಸೋನಿಕ್ ಬ್ರಾಂಕೊ ಈ ಬಗೆಯಲ್ಲಿ ಅಗ್ಗದವುಗಳಲ್ಲೊಂದು, ಅದರ ಒಂಟಿ ಪಿಕಪ್ ಗುಂಯ್‌ಗುಡುತ್ತದೆ. ಕ್ಲಾಸಿಕ್ ವೈಬ್ ಸರಣಿಯ ಮಸ್ಟಾಂಗ್‌ಗೆ ಸೀಳಿದ ಪಿಕಪ್ ಇರುವುದರಿಂದ ಆ ತೊಂದರೆ ಇಲ್ಲ. ಐಬನೀಜ್‌ನ ಟಾಲ್ಮನ್ 30 ಕೂಡ ಗಿಡ್ಡ ಅಳತೆಯದೇ, ನೋಟದಲ್ಲಿ 60ರ ದಶಕದ ಸೊಗಸಿದೆ.

ಪಿಟೀಲಿನ ಆಕಾರದ್ದರಲ್ಲಿ ಹಾಫ್ನರ್ ಇಗ್ನಿಷನ್ ಕೈಗೆಟಕುವಂಥದ್ದು. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಈ ಬಗೆಯ ಬೇಸನ್ನೇ. 1972ರಲ್ಲಿ ಕಳುವಾದ ಆ ಬೇಸ್ ಐವತ್ತು ವರ್ಷಗಳ ಮೇಲೆ ಮರಳಿ ಸಿಕ್ಕಿದ ಸುದ್ದಿ 2024ರಲ್ಲಿ ಬಂದಾಗ ನಾನು ನನ್ನದೇ ವಾದ್ಯ ಸಿಕ್ಕಷ್ಟು ಸಂತೋಷಪಟ್ಟೆ. ಟೊಳ್ಳು ಮೈಯಾದ್ದರಿಂದ ಇದರ ತೂಕ ಸಾಮಾನ್ಯ ಬೇಸಿನ ಅರ್ಧದಷ್ಟೇ ಆಸುಪಾಸು. ಹೆಗಲು ನೋವಿರುವವರಿಗೆ ಇದಕ್ಕಿಂತ ಉಪಕಾರಿ ಬೇರೊಂದಿಲ್ಲ. ಆದರೆ ಎರಡು ಮಾತು ತಿಳಿದಿರಲಿ. ಟೊಳ್ಳು ಮೈ ದೊಡ್ಡ ಸ್ಪೀಕರಿನ ಎದುರು ಊಳಿಡುತ್ತದೆ. ಮತ್ತೆ ಇದರ ಮರದ ಬ್ರಿಜ್ಜನ್ನು ಮೈಗೆ ಸ್ಕ್ರೂ ಹಾಕಿ ಕೂರಿಸಿರುವುದಿಲ್ಲ, ತಂತಿಯ ಒತ್ತಡವೇ ಅದನ್ನು ಹಿಡಿದಿರುತ್ತದೆ. ಹೊಸ ತಂತಿ ಹಾಕುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕೈಗೇ ಬರುತ್ತದೆ, ಶ್ರುತಿಯ ಜಾಗ ತಪ್ಪುತ್ತದೆ. ಒಂದೊಂದಾಗಿ ಬದಲಿಸಬೇಕು.

ಯಾವ ಮೆಟ್ಟಿಲಿನದು

ಬೆಲೆಗಳು ಹಬ್ಬದ ರಿಯಾಯಿತಿಗೆ, ಡಾಲರಿನ ಏರಿಳಿತಕ್ಕೆ ಬದಲಾಗುತ್ತಿರುತ್ತವೆ. ಆದ್ದರಿಂದ ರೂಪಾಯಿಯ ಬದಲು ಮೆಟ್ಟಿಲುಗಳನ್ನು ಹೇಳುತ್ತೇನೆ. ಫೆಂಡರ್‌ನದೇ ಅಗ್ಗದ ಹೆಸರು ಸ್ಕ್ವಯರ್. ಅದರಲ್ಲಿ ಕೆಳಗಿನ ಮೆಟ್ಟಿಲು ಸೋನಿಕ್, ನಡುವಿನದು ಅಫಿನಿಟಿ, ಮೇಲಿನದು ಕ್ಲಾಸಿಕ್ ವೈಬ್. ಸೋನಿಕ್‌ಗೂ ಕ್ಲಾಸಿಕ್ ವೈಬ್‌ಗೂ ಹೆಚ್ಚುಕಡಿಮೆ ಎರಡು ಪಟ್ಟು ಅಂತರ. ಸೋನಿಕ್‌ನ ಮೈ ತೆಳು, ಪಿಕಪ್ಪಿನಲ್ಲಿ ಸೆರಾಮಿಕ್ ಅಯಸ್ಕಾಂತ, ದನಿ ಸ್ವಲ್ಪ ಒರಟು. ಕ್ಲಾಸಿಕ್ ವೈಬ್‌ನಲ್ಲಿ ಹಳೆಯವುಗಳ ಹಾಗೆ ಆಲ್ನಿಕೊ ಅಯಸ್ಕಾಂತ, ಜೇನುಬಣ್ಣದ ನೆಕ್, ಹಳೆಯ ಬಗೆಯ ಬ್ರಿಜ್. ಹಳೆಯ ನೋಟವೂ ಹಳೆಯ ದನಿಯೂ ಒಟ್ಟಿಗೆ ಬೇಕೆಂದರೆ, ಹಣವೂ ಇದ್ದರೆ, ಕ್ಲಾಸಿಕ್ ವೈಬ್ 60ರ ಪ್ರಿಸಿಷನ್ ಕೊಂಡು ನೆಮ್ಮದಿಯಾಗಿರಿ.

ಹಣ ಅಷ್ಟಿಲ್ಲದವರಿಗೆ ನನ್ನ ಸಲಹೆ ಬೇರೆ. ಸೋನಿಕ್ ಪ್ರಿಸಿಷನ್ ಕೊಂಡು, ಉಳಿದ ಹಣದಲ್ಲಿ ಚಪ್ಪಟೆ ರಿಬ್ಬನ್ ಸುತ್ತಿದ ಫ್ಲಾಟ್‌ವೌಂಡ್ ತಂತಿ ಹಾಕಿಸಿ, ಚೆನ್ನಾಗಿ ಸೆಟಪ್ ಮಾಡಿಸಿ. ಹಾಗೆ ಸಿದ್ಧಪಡಿಸಿದ ಒಂದು ಸೋನಿಕ್ಕನ್ನೂ, ಪೆಟ್ಟಿಗೆಯಿಂದ ತೆಗೆದ ಹಾಗೇ ಇದ್ದ ಒಂದು ಕ್ಲಾಸಿಕ್ ವೈಬನ್ನೂ ನಮ್ಮ ಚರ್ಚಿನ ಹಾಲಿನಲ್ಲಿ ಪರದೆಯ ಹಿಂದೆ ನುಡಿಸಿ ಕೇಳಿಸಿದೆ. ಕೇಳಿದ ನಾಲ್ವರಲ್ಲಿ ಮೂವರು ಸೋನಿಕ್ಕನ್ನೇ ‘ಹಳೆಯ ರೆಕಾರ್ಡಿನ ಹಾಗಿದೆ’ ಎಂದರು. ಅಫಿನಿಟಿಯ ಪ್ರಿಸಿಷನ್ ಪಿಜೆ ರೂಪದಲ್ಲಿ ಬರುತ್ತದೆ, ಅದರ ಜಾಝ್ ಮಾತ್ರ ಈ ಬೆಲೆಗೆ ಬಹಳ ಒಳ್ಳೆಯ ಆಯ್ಕೆ.

ಯಮಹಾದ ಬಿಬಿ 234 ಅನ್ನೂ ಪಟ್ಟಿಯಲ್ಲಿಟ್ಟುಕೊಳ್ಳಿ. ಬಿಬಿ ಸರಣಿ 1977ರಿಂದ ಇದೆ. ನೋಟ ಫೆಂಡರ್‌ನ ನಕಲಲ್ಲ, ತನ್ನದೇ ಮುಖವಿರುವ ಪಿಜೆ ಬೇಸ್, ಬ್ಯಾಟರಿಯ ಗೋಜಿಲ್ಲ. ಬ್ಯಾಟರಿ ಬೇಡುವ ಆಕ್ಟಿವ್ ಬೇಸ್‌ಗಳು ಹಳೆಯ ದನಿ ಹುಡುಕುವವರಿಗೆ ಅಗತ್ಯವಿಲ್ಲ. ಒಂಬತ್ತು ವೋಲ್ಟಿನ ಬ್ಯಾಟರಿ ಹಾಡಿನ ನಡುವೆ ಸತ್ತರೆ ಹೊಸದನ್ನು ಹುಡುಕಿಕೊಂಡು ಓಡಲು ರಾತ್ರಿ ಹನ್ನೊಂದಕ್ಕೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಜರ್ಮನಿಯ ಥೋಮನ್ ಅಂಗಡಿಯ ಹಾರ್ಲೆ ಬೆಂಟನ್ ಬಗ್ಗೆ ಅನೇಕರು ಕೇಳುತ್ತಾರೆ. ಅಲ್ಲಿನ ಬೆಲೆ ನೋಡಿ ಹಿಗ್ಗಬೇಡಿ, ಸಾಗಣೆ ಮತ್ತು ಸುಂಕ ಸೇರಿಸಿ ಲೆಕ್ಕ ಹಾಕಿದರೆ ಅಗ್ಗದ ಮಾತೇ ಉಳಿಯುವುದಿಲ್ಲ.

ಖುಲ್ಲಾ ಜವಾರಿ, ಬಂದ್ ಜವಾರಿ

ಧಾರವಾಡ ಸಿತಾರ್ ರತ್ನ ರಹಿಮತ್ ಖಾನರು ನೆಲೆನಿಂತ ಊರು. ಇಲ್ಲಿ ತಂತಿಯ ದನಿಯ ಬಗ್ಗೆ ಮಾತನಾಡಲು ಪರದೇಶದ ಪದಗಳು ಬೇಕಿಲ್ಲ. ಸಿತಾರಿನ ಕುದುರೆಯ, ಅಂದರೆ ಬ್ರಿಜ್ಜಿನ, ಮೇಲಿನ ಮೂಳೆಯ ಹಲಗೆಯನ್ನು ಉಜ್ಜಿ ತಂತಿ ಸವರಿಕೊಂಡು ನುಡಿಯುವಂತೆ ಮಾಡುವುದಕ್ಕೆ ಜವಾರಿ ಎನ್ನುತ್ತೇವೆ. ದನಿ ತೆರೆದು ಝೇಂಕರಿಸಿದರೆ ಖುಲ್ಲಾ ಜವಾರಿ, ಮುಚ್ಚಿಕೊಂಡು ಸಿಹಿಯಾಗಿ ಬಂದರೆ ಬಂದ್ ಜವಾರಿ. ಬೇಸಿನಲ್ಲಿ ರೌಂಡ್‌ವೌಂಡ್ ತಂತಿ ಖುಲ್ಲಾ, ಫ್ಲಾಟ್‌ವೌಂಡ್ ಬಂದ್. ರೌಂಡ್‌ವೌಂಡ್‌ನಲ್ಲಿ ಮೇಲೆ ಸುತ್ತಿದ ತಂತಿ ದುಂಡು, ಉಗುರಿನಿಂದ ಗೀರಿದರೆ ಕರ್ ಎನ್ನುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಅದು ಚಪ್ಪಟೆ ರಿಬ್ಬನ್, ಉಗುರು ಸದ್ದಿಲ್ಲದೆ ಜಾರುತ್ತದೆ.

50ರ ದಶಕದಲ್ಲಿ, 60ರ ದಶಕದ ಮೊದಲ ಭಾಗದಲ್ಲಿ ಬೇಸ್‌ಗಳಿಗೆ ಇದ್ದದ್ದು ಫ್ಲಾಟ್‌ವೌಂಡ್. ನಾವು ಹಳೆಯ ದನಿ ಎಂದು ಮನಸ್ಸಿನಲ್ಲಿಟ್ಟುಕೊಂಡಿರುವುದರ ಬಹುಪಾಲು ಈ ತಂತಿಯದೇ. ಅಮೆರಿಕದ ಮೋಟೌನ್ ಕಂಪನಿಯ ರೆಕಾರ್ಡುಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ದಪ್ಪ ಫ್ಲಾಟ್‌ವೌಂಡ್ ಹಾಕಿ, ಬ್ರಿಜ್ಜಿನ ಮುಚ್ಚಳದ ಕೆಳಗೆ ಸ್ಪಂಜು ಇಟ್ಟು, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿ ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಬಣ್ಣಕ್ಕೆ ಹಣ ಸುರಿಯುವ ಮೊದಲು ಇದನ್ನು ಮಾಡಿ ನೋಡಿ: ಪಾತ್ರೆ ತೊಳೆಯುವ ಸ್ಪಂಜಿನ ಒಂದು ಬೆರಳಗಲದ ತುಂಡು ಕತ್ತರಿಸಿ ಬ್ರಿಜ್ಜಿನ ಹತ್ತಿರ ತಂತಿಯ ಕೆಳಗೆ ತುರುಕಿ, ಟೋನ್ ನಾಬನ್ನು ಅರ್ಧ ಇಳಿಸಿ ನುಡಿಸಿ. ಸ್ವರ ಎದ್ದು ‘ದುಮ್’ ಎಂದು ಕೂತು ಬಿಡುತ್ತದೆ.

ಫ್ಲಾಟ್‌ವೌಂಡ್‌ಗೆ ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಡಿ’ಅಡಾರಿಯೊ ಕ್ರೋಮ್ಸ್ ಮತ್ತು ಲಾ ಬೆಲ್ಲಾ ಎರಡನ್ನೂ ಬಳಸಿದ್ದೇನೆ. ಮೊದಲನೆಯದು ಸ್ವಲ್ಪ ಹೊಳಪಿನದು, ಎರಡನೆಯದು ಇನ್ನೂ ದಪ್ಪ, ಇನ್ನೂ ಮುಚ್ಚಿದ ದನಿ. ಲಾ ಬೆಲ್ಲಾದ ದಪ್ಪ ಸೆಟ್ ಹಾಕಿದರೆ ನಟ್ಟಿನ ಕಚ್ಚುಗಳನ್ನು ಸಣ್ಣ ಅರದಿಂದ ಅಗಲ ಮಾಡಬೇಕಾಗಬಹುದು. ಗಿಡ್ಡ ಬೇಸಿಗೆ ಗಿಡ್ಡ ಸೆಟ್ಟನ್ನೇ ಕೇಳಿ ಕೊಳ್ಳಿ.

ಇನ್ನೊಂದು ಉಪಯೋಗ ನಮ್ಮ ಕಡೆಯ ಹಾಡುಗಾರಿಕೆಗೆ ಸಂಬಂಧಿಸಿದ್ದು. ಭಜನೆ, ವಚನ, ಭಾವಗೀತೆಗಳಲ್ಲಿ ಗಂಡಸರ ಶ್ರುತಿ ಹೆಚ್ಚಾಗಿ ಹಾರ್ಮೋನಿಯಮ್ಮಿನ ಕಪ್ಪು ಒಂದೋ ಕಪ್ಪು ಎರಡೋ ಇರುತ್ತದೆ. ಕಪ್ಪು ಎರಡರ ಷಡ್ಜ ಬೇಸಿನ ಖಾಲಿ ಇ ತಂತಿಗಿಂತ ಅರ್ಧ ಸ್ವರ ಕೆಳಗಿದೆ. ಅತಿ ಕೆಳಗಿನ ಆ ಷಡ್ಜ ಬೇಕೆಂದರೆ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಇಳಿಸಬೇಕು. ತೆಳು ರೌಂಡ್‌ವೌಂಡ್ ಹಾಗೆ ಇಳಿಸಿದರೆ ಜೋತುಬಿದ್ದು ಫ್ರೆಟ್ಟಿಗೆ ಬಡಿಯುತ್ತದೆ. ಎಳೆತ ಹೆಚ್ಚಿರುವ ಫ್ಲಾಟ್‌ವೌಂಡ್ ಇಳಿಸಿದ ಮೇಲೂ ಬಿಗಿಯಾಗಿಯೇ ಇರುತ್ತದೆ.

ಕೈಗೆತ್ತಿಕೊಂಡಾಗ

ಮೊಬೈಲಿನ ಸ್ಪೀಕರಿನಲ್ಲಿ ವಿಡಿಯೊ ಕೇಳಿ ಬೇಸ್ ಆರಿಸಬೇಡಿ. ಆ ಪುಟ್ಟ ಸ್ಪೀಕರ್ 41 ಹರ್ಟ್ಸನ್ನು ನುಡಿಯುವುದೇ ಇಲ್ಲ. ನಿಮಗೆ ಕೇಳಿಸುವುದು ಮೇಲಿನ ಸ್ವರಗಳ ನೆರಳು ಮಾತ್ರ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಆಗಲಿಲ್ಲವೆಂದರೆ ನುಡಿಸುವ ಯಾರದಾದರೂ ಮನೆಗೆ ಹೋಗಿ ಕೇಳಿ.

ನಾನು ನನ್ನ ಎರಡನೇ ಬೇಸನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಪೆಟ್ಟಿಗೆ ತೆರೆದು ನುಡಿಸಿದರೆ ಎ ತಂತಿಯ ಐದನೇ ಫ್ರೆಟ್ಟಿನ ಸ್ವರ ಗರಗರ. ಮಾರಿದವರು ‘ಹೊಸ ವಾದ್ಯ ಹಾಗೆಯೇ, ನುಡಿಸುತ್ತ ಸರಿಹೋಗುತ್ತದೆ’ ಎಂದು ಬರೆದರು. ಮರಳಿಸುವ ಅವಧಿ ಮುಗಿಯುವವರೆಗೆ ಕಾದು ಕೂತದ್ದು ನನ್ನ ತಪ್ಪು. ಆರನೇ ಫ್ರೆಟ್ ಒಂದು ಕೂದಲಿನಷ್ಟು ಮೇಲೆದ್ದಿತ್ತು. ಉಕ್ಕಿನ ಸಣ್ಣ ಅಳತೆಪಟ್ಟಿಯನ್ನು ಮೂರು ಫ್ರೆಟ್ಟುಗಳ ಮೇಲೆ ನಿಲ್ಲಿಸಿದಾಗ ಅದು ತೊಟ್ಟಿಲಿನಂತೆ ತೂಗಿತು. ಅವತ್ತಿನಿಂದ ಆ ಪಟ್ಟಿ ನನ್ನ ಚೀಲದಲ್ಲೇ ಇರುತ್ತದೆ. ಕೊಳ್ಳುವ ಮೊದಲು ನಾಲ್ಕೂ ತಂತಿಗಳ ಪ್ರತಿಯೊಂದು ಫ್ರೆಟ್ಟನ್ನೂ ನಿಧಾನವಾಗಿ ನುಡಿಸಿ. ಇಪ್ಪತ್ತು ಫ್ರೆಟ್ಟಿನ ಬೇಸಿಗೆ ಎಂಬತ್ತು ಸ್ವರ, ಹತ್ತು ನಿಮಿಷದ ಕೆಲಸ.

ನೆಕ್ಕಿನ ಬಾಗು ನೋಡಲು ಮೊದಲ ಫ್ರೆಟ್ಟನ್ನೂ, ನೆಕ್ ಮೈಗೆ ಸೇರುವ ಕಡೆಯ ಫ್ರೆಟ್ಟನ್ನೂ ಒತ್ತಿ ಹಿಡಿದು ಏಳನೇ ಫ್ರೆಟ್ಟಿನ ಮೇಲೆ ತಂತಿಯ ಕೆಳಗಿನ ಸಂದು ನೋಡಿ. ವಿಸಿಟಿಂಗ್ ಕಾರ್ಡಿನ ದಪ್ಪ, ಅಂದರೆ 0.3 ಮಿಲಿಮೀಟರಿನಷ್ಟು ಇದ್ದರೆ ಸರಿ. ಹೆಚ್ಚಿದ್ದರೆ ನೆಕ್ಕಿನೊಳಗಿನ ಉಕ್ಕಿನ ಸರಳು ಟ್ರಸ್ ರಾಡನ್ನು ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಹದಿನೇಳನೇ ಫ್ರೆಟ್ಟಿನಲ್ಲಿ ಇ ತಂತಿಯ ಎತ್ತರ ಎರಡೂವರೆ ಮಿಲಿಮೀಟರಿಗೆ ಹತ್ತಿರವಿರಲಿ. ಆಮೇಲೆ ಹನ್ನೆರಡನೇ ಫ್ರೆಟ್ಟಿನ ಮೇಲೆ ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ ಎಂಬ ಗಂಟೆಯಂಥ ಸ್ವರ ಎಬ್ಬಿಸಿ, ಅಲ್ಲೇ ಒತ್ತಿ ನುಡಿಸಿದ ಸ್ವರದ ಜೊತೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನಲ್ಲಿ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು.

ಧಾರವಾಡದವರು ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿನ ಜಿಟಿಜಿಟಿ ಮಳೆಯಲ್ಲಿ ಮರ ತೇವ ಕುಡಿಯುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ಫ್ರೆಟ್ಟಿನ ತುದಿಗಳು ನೆಕ್ಕಿನ ಅಂಚಿನಿಂದ ಹೊರಚಾಚಿ ಅಂಗೈಯನ್ನು ಕೆರೆಯುತ್ತವೆ. ಹಳೆಯ ವಾದ್ಯ ಕೊಳ್ಳುವವರು ಬೇಸಿಗೆಯಲ್ಲೇ ನೋಡಲು ಹೋಗಿ, ದೋಷಗಳು ತಾವಾಗಿ ಹೊರಬೀಳುವ ಕಾಲ ಅದು. ಬಳಸಿದ ಬೇಸಿನಲ್ಲಿ ಸವೆದ ಫ್ರೆಟ್, ಕರಕರ ಎನ್ನುವ ನಾಬ್ ಇವಕ್ಕೆ ಹೆದರಬೇಡಿ, ದುರಸ್ತಿ ಇದೆ. ನೆಕ್ ತಿರುಚಿಕೊಂಡಿದ್ದರೆ, ಟ್ರಸ್ ರಾಡಿನ ತಲೆ ಸವೆದು ಅಲೆನ್ ಕೀ ಸುಮ್ಮನೆ ಸುತ್ತುತ್ತಿದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಎದ್ದು ಬನ್ನಿ.

ಆಂಪ್ಲಿಫೈಯರಿನ ಬಗ್ಗೆ ಒಂದೇ ಮಾತು. ಗಿಟಾರಿನ ಸಣ್ಣ ಆಂಪಿಗೆ ಬೇಸ್ ಹಚ್ಚಿ ಜೋರು ಮಾಡಿದರೆ ಸ್ಪೀಕರ್ ಹರಿಯುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಹೆಡ್‌ಫೋನ್ ಸಾಕು, ವೇದಿಕೆಯಲ್ಲಿ ಬೇಸಿನ ಸದ್ದನ್ನು ಮಿಕ್ಸರಿಗೆ ಹೊಂದಿಸುವ ಡಿಐ ಪೆಟ್ಟಿಗೆಯ ಮೂಲಕ ನೇರವಾಗಿ ಮಿಕ್ಸರಿಗೆ ಕೊಡಿ.

ಯಾರಿಗಾದರೂ ಒಂದೇ ಬೇಸ್ ಹೇಳಬೇಕೆಂದರೆ ನಾನು ಪ್ರಿಸಿಷನ್ ಎನ್ನುತ್ತೇನೆ. ಅಕ್ಕನ ಮಗಳಿಗೂ ಅದನ್ನೇ ಹೇಳಿದ್ದೆ. ಒಂದು ಭಾನುವಾರ ಅವಳು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ನನ್ನ ಪಿಯನ್ನೂ ಜೆಯನ್ನೂ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನವಿಡೀ ನುಡಿಸಿದಳು. ಪಿಯ ಮೊದಲ ಫ್ರೆಟ್ಟಿನಲ್ಲಿ ಅವಳ ಕಿರುಬೆರಳು ಪ್ರತಿ ಸಲ ಅರ್ಧ ಇಂಚು ಹಿಂದೆಯೇ ಉಳಿಯುತ್ತಿತ್ತು. ಜೆಯ ಮೇಲೆ ಕೈ ಹಕ್ಕಿಯಂತೆ ಕೂತಿತು. ಅವಳು ನುಡಿಸುವುದು ಕಾಲೇಜಿನ ಸಭಾಂಗಣದಲ್ಲಿ, ಇಬ್ಬರು ಗಾಯಕಿಯರು ಮತ್ತು ಒಂದು ತಬಲಾದ ಜೊತೆ ಭಾವಗೀತೆಗಳನ್ನು. ಅಲ್ಲಿ ಸೀರಿಯಲ್ ದೀಪಗಳಿಲ್ಲ, ಕೀಬೋರ್ಡಿನ ಗದ್ದಲವಿಲ್ಲ. ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ಅಫಿನಿಟಿ ಜಾಝ್ ತರಿಸಿದಳು, ತಿಳಿನೀಲಿ ಸಿಗಲಿಲ್ಲ, ಕಪ್ಪು ಬಂತು. ಕ್ರೋಮ್ಸ್ ಹಾಕಿ, ಎರಡು ದಿನ ನೆಕ್ ಹೊಂದಿಕೊಳ್ಳಲು ಬಿಟ್ಟು, ಟ್ರಸ್ ರಾಡನ್ನು ಕಾಲು ಸುತ್ತು ಬಿಗಿದೆವು. ಅಕ್ಕನ ಅಡುಗೆಮನೆಯಿಂದ ಕತ್ತರಿಸಿ ತಂದ ಹಸಿರು ಸ್ಪಂಜಿನ ತುಂಡು ಈಗಲೂ ಅದರ ಬ್ರಿಜ್ಜಿನ ಕೆಳಗೇ ಇದೆ.